ಕುಪ್ರಿಯಾನನ ಮುಳುಗದ ಮಗ

ನೊರ್ಜಿಮಾಗೆ ಸಿಟ್ಟು ಬರುವುದು ಅಪರೂಪ, ಬಂದರೆ ಮಾತ್ರ ಇಳಿಯುವುದಿಲ್ಲ ಎಂದು ನಮ್ಮ ಊರಲ್ಲಿ ಹೇಳುತ್ತಾರೆ. ಮಾತಿನ ಮೊದಲರ್ಧ ಸುಳ್ಳು. ಅಂಗಡಿಯವಳು ಹಳೇ ಬ್ರೆಡ್ಡನ್ನು ಇವತ್ತಿನದೆಂದು ಕೊಟ್ಟರೂ ಅವಳಿಗೆ ಸಿಟ್ಟು ಬರುತ್ತದೆ, ಓಡಿಬರುತ್ತಿರುವ ಮುದುಕಿಯನ್ನು ಬಿಟ್ಟು ಬಸ್ಸು ಹೊರಟರೂ ಬರುತ್ತದೆ. ಎರಡನೆಯ ಅರ್ಧ ಮಾತ್ರ ನಿಜ. ಗ್ಲೆಬ್ ಅರ್ಕಾದ್ಯೆವಿಚ್ ಎಂಬಾತನ ಮೇಲೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ.

ಬೈಕಲ್ ಸರೋವರದ ಪೂರ್ವ ದಂಡೆಯಲ್ಲಿರುವ ಮೀನುಗಾರರ ಊರು ನಮ್ಮದು. ನೊರ್ಜಿಮಾ ಹುಟ್ಟಿದ್ದು ಒಳನಾಡಿನ ಬುರ್ಯಾತ್ ದನಗಾಹಿಗಳ ಮನೆಯಲ್ಲಿ. ಹರೆಯದಲ್ಲಿ ಇಲ್ಲಿನ ಕಾರ್ಖಾನೆಗೆ ಮೀನು ಸೀಳುವ ಕೆಲಸಕ್ಕೆ ಬಂದವಳು, ಮೊದಲ ಸಂಬಳಕ್ಕೆ ಬೆಚ್ಚನೆಯ ಬೂಟು ಕೊಳ್ಳುವುದನ್ನು ಬಿಟ್ಟು ಕ್ಯಾಮೆರಾ ಕೊಂಡಳು. ಆ ಚಳಿಗಾಲವೆಲ್ಲ ಹರಿದ ಬೂಟಿನಲ್ಲೇ ಓಡಾಡಿದಳು. ಅಂದಿನಿಂದ ಊರಿನ ಮದುವೆ, ಶಾಲೆಯ ಮಕ್ಕಳು, ಸೈನ್ಯಕ್ಕೆ ಹೊರಟ ಹುಡುಗರು, ಸಮಾಧಿ ಕಲ್ಲಿಗೆ ಅಂಟಿಸುವ ಪಿಂಗಾಣಿ ಬಿಲ್ಲೆಯ ಮುಖಗಳು, ಎಲ್ಲವೂ ಅವಳ ಕೈಯಿಂದಲೇ ಆದವು. ಕಾರ್ಖಾನೆ ಮುಚ್ಚಿದ ಮೇಲೆ ಅದೇ ಅನ್ನವಾಯಿತು.

ಅವಳದ್ದೊಂದು ಪದ್ಧತಿ. ಎದುರು ಕೂತವರನ್ನು ಮೊದಲು ಕೇಳುವಳು, "ಹೆಂಗೆ ಕಾಣ್ಬೇಕು ಅಂತಿದೀಯ?" ಕಟುಕನ ಹೆಂಡತಿಗೆ ತನ್ನ ಮೆಳ್ಳೆಗಣ್ಣು ಕಾಣಬಾರದಿತ್ತು, ಅವಳನ್ನು ಕಿಟಕಿಯ ಕಡೆಗೆ ತಿರುಗಿಸಿ ಕೂರಿಸಿದಳು. ಸಾಯುವ ಕಾಲಕ್ಕೆ ಬಂದ ಒಬ್ಬ ಮುದುಕಿ, ಕಲ್ಲಿನ ಮೇಲೆ ತಾನು ನಗುತ್ತಿರಬೇಕು ಎಂದಳು. ಹಲ್ಲಿಲ್ಲದ ನಗು. ಹಾಗೇ ತೆಗೆದಳು. ಸ್ಮಶಾನಕ್ಕೆ ಹೋದವರು ಅದನ್ನು ನೋಡಿ ಈಗಲೂ ನಗುತ್ತಾರೆ.

ಎಲ್ಲರ ಕೈಗೂ ಫೋನು ಬಂದ ಮೇಲೆ ಕೆಲಸ ಕಡಿಮೆಯಾಯಿತು. ಅವಳ ಮಗಳು ಸಯಾನಾ ನಗರದಲ್ಲಿರುತ್ತಾಳೆ. ತಾಯಿಗೆ ಹೇಳದೆ ಅವಳ ಕೆಲವು ಚಿತ್ರಗಳನ್ನು ಒಂದು ಸ್ಪರ್ಧೆಗೆ ಕಳಿಸಿದಳು. ಬಹುಮಾನವೆಂದರೆ ಮಾರ್ಚ್ ತಿಂಗಳಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಛಾಯಾಗ್ರಾಹಕರ ಒಂದು ಪ್ರವಾಸ. ಮುಂದಾಳು ಮಾಸ್ಕೋದ ಹೆಸರುವಾಸಿ ಗ್ಲೆಬ್ ಅರ್ಕಾದ್ಯೆವಿಚ್.

"ನನ್ನ ಅಂಗಳ ನೋಡೋಕೆ ನನಗೆ ಟಿಕೇಟಾ?" ಎಂದು ನಕ್ಕಳು ನೊರ್ಜಿಮಾ. ಆದರೆ ಹೊರಡುವ ಹಿಂದಿನ ದಿನವೇ ಲೆನ್ಸುಗಳನ್ನೆಲ್ಲ ಒರೆಸಿಟ್ಟಿದ್ದಳು.

ದಂಡೆಯಲ್ಲಿ ಅವರು ಸೇರಿದಾಗ ಮೋಡವಿಲ್ಲದ ಬೆಳಗು, ಮೂಗಿನೊಳಗೆ ಉಸಿರು ಗಡ್ಡೆಕಟ್ಟುವ ಚಳಿ. ನಮ್ಮೂರ ಚಾಲಕ ರಾದ್ನಾ ತನ್ನ ಬ್ರೆಡ್ಡು ಗಾಡಿಯ ಎಂಜಿನ್ನಿಗೆ ಬಿಸಿ ಕೊಡುತ್ತಿದ್ದ. ಬ್ರೆಡ್ಡಿನ ಆಕಾರದ ಆ ವ್ಯಾನಿಗೆ ನಮ್ಮಲ್ಲಿ ಅದೇ ಹೆಸರು. ದುಬಾರಿ ಜಾಕೀಟು ತೊಟ್ಟ ನಗರದವರು ಕ್ಯಾಮೆರಾದ ಮುಕ್ಕಾಲಿಗಳನ್ನು ತುಂಬುತ್ತಿದ್ದರು. ಗ್ಲೆಬ್ ಉದ್ದನೆಯ ಆಳು, ಮೃದು ಮಾತು. ನೇರ ನೊರ್ಜಿಮಾಳ ಬಳಿ ಬಂದ.

"ಸೂಪು ಎಷ್ಟೊತ್ತಿಗೆ ಆಗುತ್ತಮ್ಮ?"

"ನಂಗೇನು ಗೊತ್ತಪ್ಪ. ನಂಗೂ ಹಸಿವಾಗ್ತಿದೆ. ಅಡುಗೆಯವರು ಬರಲಿ, ಇಬ್ರೂ ಸೇರಿ ಕೇಳೋಣ."

ರಾದ್ನಾ ಬಾನೆಟ್ಟಿನೊಳಗೆ ತಲೆ ಹಾಕಿ ನಕ್ಕ. ಗ್ಲೆಬ್ ಕ್ಷಮೆ ಕೇಳಿದ, ಕೈ ಕುಲುಕಿದ. ಗಾಡಿ ಹತ್ತುವಾಗ ಮತ್ತೆ ಕೇಳಿದ, "ನಿಮ್ಮ ಜನರ ಉದ್ದ ನಿಲುವಂಗಿ ತಂದಿದೀರಾ? ನೀಲಿದಿದ್ರೆ ಈ ಬೆಳಕಿಗೆ ಒಳ್ಳೇ ಹೊಂದುತ್ತೆ."

"ತಂದಿರೋದು ಕ್ಯಾಮೆರಾ," ಎಂದಳು ನೊರ್ಜಿಮಾ. "ಕಪ್ಪುದು."

ಆ ದಿನ ಅವಳಿಗೆ ಸಿಟ್ಟಿಗಿಂತ ಸಂತೋಷವೇ ಹೆಚ್ಚಿತ್ತು. ಕೊಲ್ಲಿಯ ನಡುವೆ ಗಾಳಿ ಹಿಮದ ಪುಡಿಯನ್ನೆಲ್ಲ ಗುಡಿಸಿ ಮಂಜುಗಡ್ಡೆಯನ್ನು ಬರಿದು ಮಾಡಿತ್ತು. ಕಪ್ಪು ಗಾಜಿನಂಥ ಅದರೊಳಗೆ ಗುಳ್ಳೆಗಳು ಪೇರಿಸಿಟ್ಟ ಬಿಳಿ ತಟ್ಟೆಗಳಂತೆ ನಿಂತಿದ್ದವು. ಕೆಳಗೆಲ್ಲೋ ಬಿರುಕು ಓಡುವ ಸದ್ದು, ಯಾರೋ ಗೋಣಿಚೀಲ ಸೀಳಿದ ಹಾಗೆ. ಇಷ್ಟು ವರ್ಷ ಈ ಮಂಜಿನ ಮೇಲೆ ಅವಳು ಓಡಾಡಿದ್ದು ಕೆಲಸಕ್ಕೆ, ಮೀನಿಗೆ, ಆಚೆ ದಡದ ಮದುವೆಗಳಿಗೆ. ಬೋರಲು ಮಲಗಿ ಒಂದು ಗುಳ್ಳೆಯನ್ನು ಮನದಣಿಯೆ ನೋಡಿದ್ದು ಅಂದೇ ಮೊದಲು. ಗ್ಲೆಬ್ ಪಕ್ಕದಲ್ಲೇ ಮಲಗಿ, ಮೇಲಿನ ಹೊಳಪನ್ನು ಕೊಂದು ಆಳವನ್ನು ಕಾಣಿಸುವ ಉಪಾಯ ಹೇಳಿಕೊಟ್ಟ. ಕೆಲಸ ಬಲ್ಲವನು. ಅದನ್ನು ಅವಳು ಇವತ್ತಿಗೂ ಅಲ್ಲಗಳೆಯುವುದಿಲ್ಲ.

ಮಧ್ಯಾಹ್ನ ದಂಡೆಯ ಬಿಸಿನೀರ ಬುಗ್ಗೆಯ ಬಳಿಯ ಗುಡಿಸಲಲ್ಲಿ ಎಲ್ಲರೂ ಚಹಾಕ್ಕೆ ಕೂತರು. ನೊರ್ಜಿಮಾ ಲೋಟದಿಂದ ಒಂದು ತೊಟ್ಟು ಹಾಲು-ಚಹಾವನ್ನು ಸರೋವರದ ಕಡೆಗೆ ಚಿಮುಕಿಸಿದಳು. "ಯಾರಿಗೆ ಅದು?" ಎಂದು ಗ್ಲೆಬ್ ಕೇಳಿದ. ಫೋನನ್ನು ಬೋರಲು ಹಾಕಿ ಕೇಳಿದ. ಅದನ್ನು ಅವಳು ಮರ್ಯಾದೆ ಎಂದುಕೊಂಡಳು. ಹಾಗಾಗಿ ಹೇಳಿದಳು.

"ಸರೋವರಕ್ಕೆ. ನನ್ನ ಗಂಡನಿಗೂ ಅಂತಿಟ್ಕೊ. ಯೆಫಿಮ್ ಅಂತ. ಮಂಜು ಬಿರಿಯೋ ಕಾಲಕ್ಕೆ ಬಲೆ ತರ್ತೀನಿ ಅಂತ ಹೋದೋನು ಬರ್ಲಿಲ್ಲ. ಬಿರುಕಿನ ಅಂಚಲ್ಲಿ ಕೈಗವಸು ಒಂದೇ ಸಿಕ್ತು. ನಾನೇ ಹೆಣೆದದ್ದು, ಹೆಬ್ಬೆರಳಿಗೆ ಕೆಂಪು ದಾರದ ತೇಪೆ ಹಾಕಿದ್ದೆ. ಕಲ್ಲು ನೆಟ್ಟು ಫೋಟೋ ಅಂಟಿಸಿದೀನಿ. ಅಡಿಯಲ್ಲಿ ಅವನಿಲ್ಲ, ಆ ಕೈಗವಸೇ ಇರೋದು."

ಗ್ಲೆಬ್ ಅವಳ ಲೋಟಕ್ಕೆ ತಾನೇ ಚಹಾ ಬಗ್ಗಿಸಿದ. ಊರವರೊಡನೆಯೂ ಅವಳು ಈ ಮಾತು ಎತ್ತುವುದು ಕಡಿಮೆ. ಗುರುತಿಲ್ಲದವನ ಮುಂದೆ ಹೇಳಿಕೊಂಡೆನಲ್ಲ ಎಂದು ಸ್ವಲ್ಪ ನಾಚಿಕೆಯಾಯಿತು, ಸ್ವಲ್ಪ ಹಗುರವೂ ಆಯಿತು.

ಮರುದಿನ ಕುಪ್ರಿಯಾನನ ಬಿಡಾರಕ್ಕೆ ಹೋದರು. ನೊರ್ಜಿಮಾಳ ಪಕ್ಕದ ಬೀದಿಯವನೇ ಅವನು. ಹೆಂಡತಿ ತೀರಿದ ಮೇಲೆ, ಮಗ ಸ್ತೆಪಾನ್ ಎಷ್ಟು ಬೈದರೂ ಕೇಳದೆ, ಚಳಿಗಾಲವನ್ನೆಲ್ಲ ಜಾರುಗಾಡಿಯ ಮೇಲಿನ ಹಲಗೆ ಗುಡಿಸಲಲ್ಲಿ, ಮಂಜಿಗೆ ತೂತು ಕೊರೆದು ಮೀನು ಹಿಡಿಯುತ್ತಾ ಕಳೆಯುವವನು. ಎದೆತನಕ ಬಿಳಿ ಗಡ್ಡ, ಬಿಸಿಲಿಗೆ ತಾಮ್ರವಾದ ಮುಖ. ಗ್ಲೆಬ್ ಅವನನ್ನು ಕಂಡೊಡನೆ ಬೇರೆಲ್ಲವನ್ನೂ ಮರೆತ.

ನೊರ್ಜಿಮಾ ಆಚೆ ಮಂಜಿನ ದಿಬ್ಬಗಳ ಹತ್ತಿರ ಇದ್ದಳು. ತಿರುಗಿ ಬಂದಾಗ ಕಂಡದ್ದು ಇದು: ಕುಪ್ರಿಯಾನ್ ಮಂಜಿನ ತೂತಿನ ಅಂಚಿನಲ್ಲಿ ಮಂಡಿಯೂರಿದ್ದಾನೆ. ತುಪ್ಪಳದ ಟೋಪಿ ಇಲ್ಲ, ಕೈಗವಸೂ ಇಲ್ಲ. ಬರಿಗೈಯಲ್ಲಿ ಒಂದು ಖಾಲಿ ಬಲೆ. ಗ್ಲೆಬ್ ಸಣ್ಣ ಬಾಟಲಿಯಿಂದ ಅವನ ಗಡ್ಡಕ್ಕೆ, ಹುಬ್ಬಿಗೆ ಪಿಚಕ್ಕನೆ ನೀರು ಸಿಂಪಡಿಸುತ್ತಾನೆ. ಬಿದ್ದ ನೀರು ಅಲ್ಲೇ ಬೆಳ್ಳಗೆ ಗಡ್ಡೆಕಟ್ಟುತ್ತದೆ. ಉಳಿದವರು ಅರ್ಧ ಚಂದ್ರಾಕಾರವಾಗಿ ನಿಂತು ಕ್ಲಿಕ್ಕಿಸುತ್ತಿದ್ದಾರೆ.

"ಇನ್ನೊಂಚೂರು ತಾತ. ನೀರಿನೊಳಗೆ ನೋಡಿ. ಯಾರನ್ನೋ ಹುಡುಕೋ ಹಾಗೆ."

ಕುಪ್ರಿಯಾನನ ಬೆರಳುಗಳು ಮೇಣದ ಬಣ್ಣಕ್ಕೆ ತಿರುಗಿದ್ದವು. ನೊರ್ಜಿಮಾ ನಡೆದು ಬಂದು ನೇರ ಕ್ಯಾಮೆರಾಗಳ ಮುಂದೆ ನಿಂತಳು.

"ಸ್ವಲ್ಪ ಫ್ರೇಮಿನಿಂದ ಆಚೆ ಬರ್ತೀರಾ?" ಎಂದ ಗ್ಲೆಬ್.

"ಬರಲ್ಲ. ನಿಮ್ಮ ಗಡ್ಡಕ್ಕೆ ನೀರು ಹಾಕ್ಕೊಂಡು ಕೂತ್ಕೊಳ್ಳಿ, ನಾನೇ ತೆಗೀತೀನಿ."

"ಅವರೇ ಒಪ್ಪಿ ಕೂತಿದ್ದಾರೆ. ಬಲವಂತ ಏನಿಲ್ಲ."

"ಬಿಡು ನೊರ್ಜಿಮಕ್ಕ, ಪಾಪ ಅಷ್ಟು ದೂರದಿಂದ ಬಂದಿದಾರೆ," ಎಂದ ಕುಪ್ರಿಯಾನ್. ತುಟಿ ಮರಗಟ್ಟಿ ಮಾತು ತೊದಲುತ್ತಿತ್ತು.

"ನೀನು ಬಾಯಿ ಮುಚ್ಚು. ಮುದುಕನಾದ್ರೂ ಫೋಟೋ ಚಪಲ ಹೋಗ್ಲಿಲ್ಲ ನಿಂಗೆ."

ತನ್ನ ಕುರಿಚರ್ಮದ ಕೋಟನ್ನು ಅವನ ಮೇಲೆ ಹೊದೆಸಿ ಗುಡಿಸಲೊಳಗೆ ಎಳೆದುಕೊಂಡು ಹೋದಳು. ಒಲೆಯ ಮುಂದೆ ಅವನ ಕೈಗಳನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡು ಕೂತಳು. ರಕ್ತ ಮರಳುವಾಗಿನ ಉರಿಗೆ ಅವನ ಕಣ್ಣಲ್ಲಿ ನೀರು ಬಂತು. ಎಡಗೈಯ ಕಿರುಬೆರಳಿನ ತುದಿ ಮಾತ್ರ ಚೇತರಿಸಿಕೊಳ್ಳಲಿಲ್ಲ; ಈಗಲೂ ಅಲ್ಲಿ ಸ್ಪರ್ಶವಿಲ್ಲ. ಹೊರಗೆ ಗಾಡಿ ಹೊರಡುವ ಸದ್ದಾಯಿತು. ಸಂಜೆ ರಾದ್ನಾ ಒಬ್ಬನೇ ಬಂದು ಅವಳನ್ನು ಊರಿಗೆ ಕರೆತಂದ. ಉಳಿದ ಪ್ರವಾಸಕ್ಕೆ ಅವಳು ಹೋಗಲಿಲ್ಲ. ಯಾರೂ ಕರೆಯಲೂ ಇಲ್ಲ.

ಶರತ್ಕಾಲದಲ್ಲಿ ಉಲಾನ್-ಉದೆ ನಗರದಲ್ಲಿ ಚಿತ್ರಪ್ರದರ್ಶನವೆಂದು ಸುದ್ದಿ ಬಂತು. ಪ್ರವಾಸಕ್ಕೆ ಹೋದವರೆಲ್ಲರ ಚಿತ್ರಗಳೂ ಇರುತ್ತವಂತೆ. ಸ್ತೆಪಾನ್ ತನ್ನ ಕಾರಿನಲ್ಲಿ ಅಪ್ಪನನ್ನೂ ನೊರ್ಜಿಮಾಳನ್ನೂ ಕೂರಿಸಿಕೊಂಡು ಹೊರಟ. ದೋಣಿಯ ಮೋಟಾರು ರಿಪೇರಿ ಮಾಡುವ ಗಟ್ಟಿಮುಟ್ಟು ಆಸಾಮಿ ಅವನು, ಉಗುರ ಸಂದಿಯ ಎಣ್ಣೆ ಎಂದೂ ಹೋಗದು. ಕುಪ್ರಿಯಾನ್ ಗಡ್ಡ ಬಾಚಿ, ಮದುವೆಯ ಕೋಟು ತೊಟ್ಟಿದ್ದ.

ನೊರ್ಜಿಮಾಳ ಗುಳ್ಳೆಗಳ ಚಿತ್ರ ಕೋಟು ನೇತುಹಾಕುವ ಕೋಣೆಯ ಪಕ್ಕದಲ್ಲಿತ್ತು. ಕುಪ್ರಿಯಾನ್ ಮಾತ್ರ ಬಾಗಿಲಿಗೆ ಎದುರಿನ ಗೋಡೆಯನ್ನೆಲ್ಲ ತುಂಬಿಕೊಂಡಿದ್ದ. ಬಿಳಿ ಗಡ್ಡದ ಒಂದೊಂದು ಎಳೆಯೂ ಕಾಣುತ್ತಿತ್ತು. ಜನ ಅದರ ಮುಂದೆ ದನಿ ತಗ್ಗಿಸಿ ನಿಂತಿದ್ದರು, ಒಬ್ಬಾಕೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಚಿತ್ರ ಚೆನ್ನಾಗಿತ್ತು. ನೊರ್ಜಿಮಾಗೆ ಮೊದಲು ಸಿಟ್ಟು ಬರಿಸಿದ್ದೇ ಅದು.

"ಕನ್ನಡಕ ತಂದಿಲ್ಲ ಕಣೋ, ಏನು ಬರೆದಿದಾರೆ ಓದು," ಎಂದ ಕುಪ್ರಿಯಾನ್.

ಸ್ತೆಪಾನ್ ಕೆಳಗಿನ ಚೀಟಿ ಓದಿದ. "ಕೊನೆಯ ಬೆಸ್ತ. ಮಂಜಿನಡಿ ಮುಳುಗಿದ ಒಬ್ಬನೇ ಮಗನಿಗಾಗಿ ಈ ತಂದೆ ಪ್ರತಿ ಚಳಿಗಾಲ ಇಲ್ಲಿ ಕಾಯುತ್ತಾನೆ. ಅವನಿಗೆ ಸಿಕ್ಕಿದ್ದು ಮಗನ ಒಂದು ಕೈಗವಸು, ಹೆಬ್ಬೆರಳಿಗೆ ಕೆಂಪು ದಾರದ ತೇಪೆ." ಅವನು ಅಪ್ಪನ ಕಡೆ ತಿರುಗಿದ. "ನಾನ್ಯಾವಾಗ ಸತ್ತೆ ಅಪ್ಪ?"

ಅಂದವನು ಮೊದಲು ನಕ್ಕ. ಆಮೇಲೆ ನಗು ನಿಂತಿತು. ದೋಣಿ ಓಡದ ಜನವರಿಯಿಂದ ಏಪ್ರಿಲ್‌ವರೆಗೆ ಅವನೂ ಮಂಜಿನ ಮೇಲೇ ದುಡಿಯುವವನು. ಕೇಡು ತಟ್ಟದಿರಲೆಂದು ಎಡಭುಜದ ಮೇಲಿಂದ ಮೂರು ಸಲ ಉಗುಳಿ, ಪ್ರದರ್ಶನದ ಹೊಳೆಯುವ ನೆಲವೆಂಬುದನ್ನೂ ಲೆಕ್ಕಿಸದೆ, ಹೊರಗೆ ಹೋಗಿ ಸಿಗರೇಟು ಹಚ್ಚಿದ. ಕುಪ್ರಿಯಾನ್ ಶಿಲುಬೆಯ ಗುರುತು ಹಾಕಿಕೊಂಡ.

ನೊರ್ಜಿಮಾ ಗ್ಲೆಬ್‌ನನ್ನು ಹುಡುಕಬೇಕಾಗಲಿಲ್ಲ. ಅವನೇ ನಗುತ್ತಾ ಕೈಚಾಚಿ ಬಂದ. ಅವಳು ಕೈ ಕೊಡಲಿಲ್ಲ.

"ಆ ಕೈಗವಸು ಯಾರದ್ದು?"

ಅವನ ಮುಖ ಸ್ವಲ್ಪ ಕೆಂಪಾಯಿತು. "ನೋಡಿ, ಇದು ಒಬ್ಬರ ಕಥೆ ಅಲ್ಲ. ಇಡೀ ಸರೋವರದ ಕಥೆ. ನಿಮ್ಮ ನೋವಿಗೆ ನಾನೊಂದು ಮುಖ ಕೊಟ್ಟೆ ಅಷ್ಟೆ."

"ನನ್ನ ನೋವಿಗೆ ಮುಖ ಇಲ್ವಾ? ಇದೇನು ಮತ್ತೆ?" ಎಂದು ತನ್ನ ಕೆನ್ನೆಗೆ ತಾನೇ ತಟ್ಟಿಕೊಂಡಳು. "ಗಡ್ಡ ಇಲ್ಲ ಅಂತ ಬೇಡವಾಯ್ತಾ? ಯೆಫಿಮ್ ಅಂತ ಅವನ ಹೆಸರು. ಅದನ್ನ ಬಿಟ್ಟು ಬದುಕಿರೋ ಹುಡುಗನ್ನ ಮುಳುಗಿಸಿದೀಯಲ್ಲ. ಅವನು ಹೊರಗೆ ನಿಂತು ಸಿಗರೇಟು ಸೇದ್ತಿದಾನೆ, ಹೋಗಿ ನೋಡು."

"ನೀವೂ ಇದೇ ಕೆಲಸದೋರು," ಎಂದ ಗ್ಲೆಬ್, ದನಿ ಗಡುಸಾಗಿ. "ಮೆಳ್ಳೆಗಣ್ಣು ಮುಚ್ಚಿ ಫೋಟೋ ತೆಗೆದ ಕಥೆ ಅವತ್ತು ಗಾಡಿಯಲ್ಲಿ ನೀವೇ ಹೇಳಿದ್ರಿ. ಅದು ಸುಳ್ಳಲ್ವಾ?"

"ಅವಳು ಕೇಳಿದ್ಲು. ಅವಳ ಮುಖ, ಅವಳು ಕೇಳಿದ್ಲು. ನಿನ್ನನ್ನ ಯಾರು ಕೇಳಿದ್ರು?"

ಸುತ್ತ ಜನ ಸೇರಿದ್ದರು. ಪ್ರದರ್ಶನದ ಮೇಲ್ವಿಚಾರಕಿ, ದಪ್ಪ ಕನ್ನಡಕದ ಹೆಂಗಸು, ಅಷ್ಟೂ ಹೊತ್ತು ಸುಮ್ಮನೆ ಕೇಳುತ್ತಿದ್ದಳು. ಗೋಡೆಯ ಬಳಿ ಹೋಗಿ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತಳು. "ಯಾರ ಫೋಟೋನೋ ಅವರ ಹೆಸರು ಬರೀರಿ," ಎಂದು ನೊರ್ಜಿಮಾಳ ಕೈಗೆ ಖಾಲಿ ಚೀಟಿ ಕೊಟ್ಟಳು. ನೊರ್ಜಿಮಾ ಬರೆದಳು: ಕುಪ್ರಿಯಾನ್, ಮೀನು ಹಿಡಿಯುತ್ತಾನೆ, ಮಗ ಸ್ತೆಪಾನ್ ಚೆನ್ನಾಗಿದ್ದಾನೆ.

ನ್ಯಾಯ ಅಷ್ಟಕ್ಕೇ ನಿಂತಿತು. ಹಳೆಯ ಒಕ್ಕಣೆಯೊಡನೆಯೇ ಆ ಚಿತ್ರ ಬೇರೆ ದೇಶದಲ್ಲಿ ಬಹುಮಾನ ಗೆದ್ದಿತೆಂದು ಸಯಾನಾ ಫೋನು ಮಾಡಿದಳು. ಮಾಸ್ಕೋದ ವಿಳಾಸಕ್ಕೆ ತಾಯಿ ಮಗಳಿಬ್ಬರೂ ಬರೆದದ್ದಕ್ಕೆ ಉತ್ತರವಿಲ್ಲ. ಕ್ಷಮೆಯ ಮಾತಂತೂ ಬರಲೇ ಇಲ್ಲ. ಈಗ ಚಳಿಗಾಲದಲ್ಲಿ ಯಾವ ಗುಂಪು ಬಂದು ರಾದ್ನಾನ ಗಾಡಿ ಹತ್ತಿದರೂ ನೊರ್ಜಿಮಾ ಅದರ ಬಾಗಿಲಲ್ಲಿ ನಿಂತು ಹೇಳುತ್ತಾಳೆ: "ಮಂಜನ್ನ ಬೇಕಾದಷ್ಟು ತೆಗೀರಿ, ಅದಕ್ಕೇನೂ ಆಗಲ್ಲ. ಮನುಷ್ಯರನ್ನ ಕೇಳಿ ತೆಗೀರಿ. ಏನು ಬರೀತೀರಿ ಅನ್ನೋದನ್ನೂ ಕೇಳಿ ಬರೀರಿ." ಕೆಲವರು ನಗುತ್ತಾರೆ. ನಕ್ಕವರನ್ನು ರಾದ್ನಾ ಇಳಿಸುತ್ತಾನೆಂದು ಊರಲ್ಲಿ ಮಾತು. ಅವನು ಹೌದೆನ್ನುವುದಿಲ್ಲ, ಇಲ್ಲವೆನ್ನುವುದೂ ಇಲ್ಲ.

ಅವಳನ್ನು ಹೆಚ್ಚು ರೇಗಿಸುವವನು ಮಾತ್ರ ಕುಪ್ರಿಯಾನ್. ಮೇಲ್ವಿಚಾರಕಿಯಿಂದ ಆ ಚಿತ್ರದ ಒಂದು ಪ್ರತಿ ಕೇಳಿ ಪಡೆದು ಒಲೆಯ ಮೇಲಿನ ಗೋಡೆಗೆ ಹಾಕಿಕೊಂಡಿದ್ದಾನೆ. ಚಹಾಕ್ಕೆ ಹೋದಾಗ ನೊರ್ಜಿಮಾ ಅದಕ್ಕೆ ಬೆನ್ನು ಹಾಕಿ ಕೂರುತ್ತಾಳೆ.

"ಒಂದ್ಸಲ ತಿರುಗಿ ನೋಡು ನೊರ್ಜಿಮಕ್ಕ," ಎನ್ನುತ್ತಾನೆ ಅವನು. "ಚೆನ್ನಾಗೇ ಬಂದಿದೀನಿ."

"ಚೆನ್ನಾಗಿ ಬಂದಿದೀಯ ಅಂತಾನೇ ಹೊಟ್ಟೆ ಉರಿಯೋದು," ಎಂದು ಅವಳು ಸಕ್ಕರೆಯ ಡಬ್ಬಿಯನ್ನು ತನ್ನತ್ತ ಎಳೆದುಕೊಳ್ಳುತ್ತಾಳೆ.