ಡ್ರಮ್ಮಿನವನ ಕಾಲು ತೊಳೆದ ನೊರೀನ್

ನೊರೀನ್ ಟಲ್ಲಿಗೆ ತನ್ನ ಮೇಲೆ ತನಗೇ ಅನುಮಾನ ಬಂದದ್ದನ್ನು ಕೊರಿಂಗಾದಲ್ಲಿ ಯಾರೂ ಕಂಡಿಲ್ಲ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಹೆಂಗಸು. ಹಿಂದಿನ ಸೀಟಿನಲ್ಲಿ ಗಲಾಟೆ ಮಾಡಿದವರು ತಲೆ ನರೆತಿದ್ದರೂ ಇವತ್ತಿಗೂ ಅವಳೆದುರು ನೆಟ್ಟಗೆ ನಿಲ್ಲುತ್ತಾರೆ.

ಮಾರ್ಚಿನ ರಜೆಗೆ ಮಾತೆ ಮರಿಯಳ ಪ್ರತಿಮೆ ಹೊತ್ತು ಯಾತ್ರಿಕರು ನಡೆದು ಬರುವ ಊರು ಇದು. ಚರ್ಚಿನ ಹೆಂಗಸರು ಬೆಚ್ಚನೆಯ ಉಪ್ಪುನೀರಲ್ಲಿ ಅವರ ಕಾಲು ತೊಳೆಯುತ್ತಾರೆ. ಕಾಲು ತೊಳೆಸಿಕೊಂಡವರು ಪ್ರತಿಮೆಯ ಹಿಂದೆ ಗುಡ್ಡದ ಮೇಲಿನ ಚರ್ಚಿನ ತನಕ ನಡೆಯಲೇಬೇಕು, ಅದು ಕಟ್ಟಳೆ. ಅದೇ ರಜೆಗೆ ಊರಲ್ಲಿ ಜಾಝ್ ಸಂಗೀತದ ಹಬ್ಬವೂ ಶುರುವಾಗಿತ್ತು. ಯಾತ್ರೆಯ ಮುಂದಾಳು ಫಾದರ್ ಡೊಹೆನಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ಈ ಸಲ ಪಬ್ಬಿನ ಗದ್ದಲ ಕಿವಿಗೆ ಬಿದ್ರೆ ಮುಂದಿನ ವರ್ಷ ನಾವು ಬೇರೆ ಊರಿಗೆ ಹೋಗ್ತೀವಿ." ಯಾತ್ರೆ ತಪ್ಪಿದ ಕೊರಿಂಗಾವನ್ನು ನೊರೀನ್ ಊಹಿಸಲೂ ಒಲ್ಲಳು. ಅವಳ ತಾಯಿ ಯಾತ್ರಿಕರ ಕಾಲು ತೊಳೆದದ್ದೂ ಗುಡ್ಡದ ಬುಡದ ಇದೇ ಸಭಾಂಗಣದಲ್ಲಿ.

ಮಧ್ಯಾಹ್ನ ನಾಲ್ವರು ಕುಂಟುತ್ತಾ ಬಂದರು. ಮೈತುಂಬ ಧೂಳು, ಬೆನ್ನಿಗೆ ಚೀಲ, ಹೆಗಲ ಮೇಲೆ ಆಳುದ್ದದ ಪೆಟ್ಟಿಗೆ.

"ಪ್ರತಿಮೆ ಬಂತು ಕಣೇ ಮೇವಿಸ್, ನೀರು ತಾ!" ಎಂದು ನೊರೀನ್ ಗೆಳತಿಯನ್ನು ಕೂಗಿ, ಮುಂದಿನವನನ್ನು ಕುರ್ಚಿಗೆ ಒತ್ತಿ ಕೂರಿಸಿ, ಕಾಲನ್ನು ಬೋಗುಣಿಯಲ್ಲಿ ಮುಳುಗಿಸಿಯೇಬಿಟ್ಟಳು.

"ಅಮ್ಮಾ, ನಾನು..."

"ಮಾತಾಡ್ಬೇಡ. ಹಿಮ್ಮಡಿ ನೋಡು, ಏನಾಗಿದೆ ಅಂತ!"

ನಾಲ್ವರ ಕಾಲೂ ಒರೆಸಿ ಮುಗಿದ ಮೇಲೆ ಮೇವಿಸ್ ಪೆಟ್ಟಿಗೆ ತೆರೆದಳು. ಒಳಗೆ ದೊಡ್ಡ ಪಿಟೀಲು!

"ನಾನು ಕ್ಲೆಮ್, ಡ್ರಮ್ ಬಾರಿಸ್ತೀನಿ," ಎಂದು ಮೊದಲು ಕಾಲು ತೊಳೆಸಿಕೊಂಡವನು ಹಲ್ಲು ಕಿರಿದ. "ಜಾಝ್ ಹಬ್ಬಕ್ಕೆ ಬರ್ತಿದ್ವಿ, ದಾರೀಲಿ ವ್ಯಾನ್ ಕೆಟ್ಟೋಯ್ತು. ಇಷ್ಟು ಹಿತವಾಗಿದ್ದಾಗ ಬೇಡ ಅನ್ನೋಕೆ ಮನಸ್ಸು ಬರಲಿಲ್ಲಮ್ಮಾ."

ಅಷ್ಟರಲ್ಲಿ ನಿಜವಾದ ಯಾತ್ರಿಕರು ಬಂದರು. ಪಿಟೀಲು ಕಂಡು ಫಾದರ್ ಮುಖ ಗಂಟಿಕ್ಕಿದರು. "ಏನ್ರೀ ನೊರೀನ್, ಇಲ್ಲಿಗೂ ಬಂದ್ರಾ ಇವರು?"

ನೊರೀನ್ ಬೋಗುಣಿ ಪಕ್ಕಕ್ಕಿಟ್ಟು ಎದ್ದಳು. "ಕಾಲು ತೊಳೆದಾಗಿದೆ ಫಾದರ್. ನಡೀಲೇಬೇಕು. ಕಟ್ಟಳೆ ಮುರಿಯೋಕೆ ನೀವು ಯಾರು, ನಾನು ಯಾರು?"

ಫಾದರ್ ಪ್ರತಿಮೆ ಹೊತ್ತವರನ್ನು ಒಳಗೆ ಕರೆದರು. ಯಾತ್ರಿಕರ ಕಾಲು ತೊಳೆದಾದ ಮೇಲೆ ಆ ನಾಲ್ವರೂ ಸೇರಿ ಮೆರವಣಿಗೆ ಹೊರಟಿತು.

ಪ್ರತಿ ವರ್ಷ ಆ ಏರಿನಲ್ಲಿ ಪ್ರಾರ್ಥನೆ ಸೊರಗುತ್ತಿತ್ತು. ನೊಂದ ಕಾಲು, ಒಣಗಿದ ಗಂಟಲು. ಈ ಸಲವೂ ಅರ್ಧಕ್ಕೇ ದನಿಗಳು ಉಡುಗಿದವು. ಆಗ ಕ್ಲೆಮ್ ಚೀಲದಿಂದ ಸಣ್ಣ ಡ್ರಮ್ಮು ತೆಗೆದು ಕೊರಳಿಗೆ ನೇತುಹಾಕಿಕೊಂಡು ಮೆಲ್ಲಗೆ ತಟ್ಟತೊಡಗಿದ. ಫಾದರ್ ಒಬ್ಬೊಬ್ಬ ಸಂತರ ಹೆಸರು ಕರೆದಂತೆ ಅವನ ಜೊತೆಯ ತುತ್ತೂರಿಯವನು, ಜನ ಮರುನುಡಿಯಬೇಕಾದ "ನಮಗಾಗಿ ಪ್ರಾರ್ಥಿಸಿರಿ" ಎಂಬುದರ ರಾಗವನ್ನು ಊದಿ ಎತ್ತಿಕೊಟ್ಟ. ಒಂದು ವಾದ್ಯ ಕರೆದರೆ ಇನ್ನೊಂದು ಓಗೊಡುವುದು ಜಾಝ್‌ನವರ ಕಸುಬೇ ತಾನೆ! ಹೆಜ್ಜೆಗಳು ಕೂಡಿಕೊಂಡವು. ಹಿಂದೆ ಬಿದ್ದಿದ್ದ ಮುದುಕಿಯರೂ ಬಾಯಿ ತೆರೆದು ಹಾಡಿದರು. ನೊರೀನಳ ದನಿ ಎಲ್ಲರಿಗಿಂತ ಮೇಲಿತ್ತು.

ಚರ್ಚಿನ ಬಾಗಿಲಲ್ಲಿ ಫಾದರ್ ಬೆವರು ಒರೆಸಿಕೊಂಡರು. ನೊರೀನ್ ಅವರ ಬಾಯನ್ನೇ ನೋಡುತ್ತಿದ್ದಳು.

"ಆ ಡ್ರಮ್ಮಿನವನು ಸಂತ ಜೋಸೆಫರ ಹೆಸರು ಬಂದಾಗ ಅವಸರ ಮಾಡಿದ," ಎಂದರು ಕಡೆಗೆ. "ಮುಂದಿನ ವರ್ಷ ಸ್ವಲ್ಪ ನಿಧಾನಕ್ಕೆ ಬಾರಿಸೋಕೆ ಹೇಳ್ರಿ."