ಎಣಿಸುತ್ತಾ ಅತ್ತವಳು

ಆ ಚಾಳಿ ಹತ್ತಿಸಿದ್ದು ಅವಳ ಮೊದಲ ಸಿನಿಮಾದ ನಿರ್ದೇಶಕ. ಪುಣ್ಯಾತ್ಮ ಸಂಭಾಷಣೆಯನ್ನೇ ಬರೆಸಿರಲಿಲ್ಲ. "ಸುಮ್ನೆ ಒಂದು, ಎರಡು ಅಂತ ಎಣಿಸ್ತಾ ಅಳಮ್ಮ, ಮಾತು ಆಮೇಲೆ ಡಬ್ಬಿಂಗಲ್ಲಿ ಕೂರಿಸ್ತೀವಿ" ಎಂದಿದ್ದ. ಅವಳು ಎಣಿಸುತ್ತಾ ಅತ್ತಳು, ಯಾರದೋ ದನಿ ಬಂದು ಅವಳ ತುಟಿಗೆ ಕೂತಿತು, ಜನ ಕಣ್ಣೊರೆಸಿಕೊಂಡರು. ಮುಂದಿನ ಎರಡು ಸಿನಿಮಾಗಳಲ್ಲೂ ಅದೇ ಕಥೆ. ಆಮೇಲೆ ಯಾರೂ ಕರೆಯಲಿಲ್ಲ.

ವರ್ಷಗಟ್ಟಲೆ ಅಲೆದ ಮೇಲೆ ಒಂದು ಸಣ್ಣ ಪಾತ್ರ ಸಿಕ್ಕಿತು. ಇಲ್ಲಿ ಡಬ್ಬಿಂಗ್ ಇಲ್ಲ, ಸೆಟ್ಟಿನಲ್ಲಿ ಆಡಿದ ಮಾತೇ ಪರದೆಗೆ. ಸತ್ತ ತಂದೆಯ ಪಕ್ಕ ಕೂತು, "ನನ್ನನ್ನ ಯಾರ ಕೈಗೆ ಒಪ್ಪಿಸಿ ಹೋದ್ರಿ ಅಪ್ಪಾ" ಎನ್ನಬೇಕು, ಅಷ್ಟೇ. ಅಮ್ಮ ಒಲೆ ಮುಂದೆ ನಿಂತೇ ಅದನ್ನು ಬಾಯಿಪಾಠ ಮಾಡಿಸಿದ್ದಳು.

ಕ್ಯಾಮೆರಾ ಓಡಿತು. ಅವಳ ಕಣ್ಣು ತುಂಬಿ ಬಂತು. ಬಾಯಿ ತೆರೆದರೆ, "ಒಂದು, ಎರಡು, ಮೂರು" ಎಂದು ಬಿಕ್ಕಿದಳು. ಹೆಣವಾಗಿ ಮಲಗಿದ್ದ ನಟನೇ ನಕ್ಕುಬಿಟ್ಟ. ಮತ್ತೆ ಮತ್ತೆ ಮಾಡಿಸಿದರು. ಮಾತು ನೆನಪಿಟ್ಟುಕೊಂಡರೆ ಕಣ್ಣು ಒಣಗುತ್ತಿತ್ತು, ಕಣ್ಣು ತುಂಬಿದರೆ ಎಣಿಕೆ ನುಗ್ಗುತ್ತಿತ್ತು. ಊಟದ ಹೊತ್ತಿಗೆ ಆ ಪಾತ್ರದ ಬಟ್ಟೆ ಇನ್ನೊಬ್ಬಳ ಮೈಮೇಲಿತ್ತು.

ಮನೆಗೆ ಬಂದಾಗ ಅಮ್ಮ ಮುಖ ನೋಡಿಯೇ ಎಲ್ಲ ಅರ್ಥ ಮಾಡಿಕೊಂಡಳು. ಮಗಳ ತಲೆಯನ್ನು ಎದೆಗೊತ್ತಿಕೊಂಡು, "ಒಳಗೇ ಇಟ್ಕೋಬೇಡ ಕಣೇ, ಅತ್ತುಬಿಡು" ಎಂದಳು.

ಅವಳಿಗೆ ಅಳು ಉಕ್ಕಿ ಬಂತು. "ಒಂದು" ಎಂದಳು. ಎಂದವಳೇ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.