ಮಂಗಳಗೌರಿ ಓದು ಕೇಳಿದ ವರ್ಷ

ಪೋಷಕರು ಪಾಲಿಸಬೇಕಾದ ನಿಯಮಗಳು ಎರಡು ಹಾಳೆಗಳಲ್ಲಿದ್ದವು. ಎರಡೂ ಇಂಗ್ಲಿಷಿನಲ್ಲಿ. ಜೂನ್ ತಿಂಗಳ ಒಂದು ಶನಿವಾರ, ನಂಜನಗೂಡಿನ ಆ ಖಾಸಗಿ ಶಾಲೆಯ ಏಳನೇ ತರಗತಿಯ ಕೋಣೆಯಲ್ಲಿ, ಮಕ್ಕಳ ಬೆಂಚುಗಳ ನಡುವೆ ಮೊಣಕಾಲು ತೂರಿಸಿಕೊಂಡು ಕೂತಿದ್ದ ಅಪ್ಪ ಅಮ್ಮಂದಿರಿಗೆ ಇಂಗ್ಲಿಷ್ ಕಲಿಸುವ ಶೃತಿ ಮಿಸ್ ಅವನ್ನು ವಿವರಿಸಿದರು. ಹೋಮ್‌ವರ್ಕ್ ಒಂದು ದಿನ ತಡವಾದರೆ ಅರ್ಧ ಅಂಕ, ಎರಡು ದಿನವಾದರೆ ಸೊನ್ನೆ. ಮೊಬೈಲ್ ನೋಡಿ ಬರೆದದ್ದು ಲೆಕ್ಕಕ್ಕಿಲ್ಲ. ಮಿಸ್ ಜೊತೆ ಮಾತಾಡುವುದಿದ್ದರೆ ಬುಧವಾರ ಮೂರೂವರೆಯ ಮೇಲೆ. ಎಲ್ಲಕ್ಕಿಂತ ಮುಖ್ಯವಾದ ನಿಯಮವನ್ನು ಅವರು ಎರಡು ಸಲ ಹೇಳಿದರು: ದಿನಾ ಸಂಜೆ ಇಪ್ಪತ್ತು ನಿಮಿಷ ಮಗು ಇಂಗ್ಲಿಷ್ ಪಾಠ ಗಟ್ಟಿಯಾಗಿ ಓದಬೇಕು, ಪೋಷಕರು ಪಕ್ಕದಲ್ಲಿ ಕೂತು ಕೇಳಬೇಕು, ಹೇಗೆ ಓದಿತೆಂದು ಡೈರಿಯಲ್ಲಿ ಒಂದು ಸಾಲು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಬೇಕು.

ಕೊನೆಯ ಸಾಲಿನಲ್ಲಿ ಕೂತಿದ್ದ ಮಂಗಳಗೌರಿ ಹಾಳೆಯ ಕೆಳಗೆ ಕನ್ನಡದಲ್ಲಿ ತನ್ನ ಹೆಸರು ಬರೆದು ಕೊಟ್ಟಳು. ಎಂಟನೇ ತರಗತಿಗೆ ಹೋಗುವ ಮುಂಚೆ ಇಂಗ್ಲಿಷ್ ಓದಲು ಬಾರದ ಮಕ್ಕಳನ್ನು ಶಾಲೆ ಇಟ್ಟುಕೊಳ್ಳುವುದಿಲ್ಲ ಎಂದು ಮಿಸ್ ಕೊನೆಯಲ್ಲಿ ಹೇಳಿದ್ದು ಆಕೆಯ ತಲೆಯಲ್ಲಿ ಉಳಿಯಿತು.

ಆಕೆಯ ತವರು ಕಾವೇರಿ ದಂಡೆಯ ಸೋಸಲೆ. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಏಳರವರೆಗೆ ಓದಿ ಬಿಟ್ಟವಳು. ಹತ್ತೊಂಬತ್ತಕ್ಕೆ ಮದುವೆಯಾಗಿ ಹುಲ್ಲಹಳ್ಳಿಯಿಂದ ನಾಲ್ಕು ಕಿಲೋಮೀಟರ್ ಒಳಗಿನ ಊರಿಗೆ ಬಂದಳು. ನಾಲೆ ಬದಿಯ ಒಂದೂವರೆ ಎಕರೆ ಗದ್ದೆ, ಎರಡು ಸೀಮೆಹಸು, ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವ ಗಂಡ ಬಸವಣ್ಣ, ಒಬ್ಬಳೇ ಮಗಳು ಅರ್ಪಿತ. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಗುರುತಿಸಬಲ್ಲಳು. ಕೂಡಿಸಿ ಓದಲು ಬಾರದು.

ಆ ಊರಿನಲ್ಲಿ ಇಂಗ್ಲಿಷಿನಲ್ಲಿ ಏನು ಬಂದರೂ ಅದು ಹೋಗುವುದು ಹಾಲಿನ ಸೊಸೈಟಿಗೆ. ಕಾರ್ಯದರ್ಶಿ ಗುರುಮಲ್ಲಪ್ಪ ಪಿಯುಸಿ ಓದಿದವನು. ಬೆಳಿಗ್ಗೆ ಆರಕ್ಕೆ ಹಾಲು ಅಳೆದುಕೊಳ್ಳುತ್ತಲೇ ಬ್ಯಾಂಕಿನ ಮೆಸೇಜು, ಆಸ್ಪತ್ರೆಯ ಚೀಟಿ ಓದಿ ಹೇಳುತ್ತಾನೆ. ಹಾಗಾಗಿ ಆ ಶಾಲೆಯ ವ್ಯಾನು ಹತ್ತುವ ಹದಿನಾಲ್ಕು ಮಕ್ಕಳ ಡೈರಿಗಳೂ ಹಾಲಿನ ಪಾಸ್‌ಬುಕ್ಕಿನ ಜೊತೆ ಅವನ ಮೇಜಿಗೆ ಬಂದದ್ದು ಯಾರಿಗೂ ವಿಶೇಷವೆನಿಸಲಿಲ್ಲ.

"ಊರ ಐಕಳಿಗೆಲ್ಲ ಗುರುಮಲ್ಲಪ್ಪಣ್ಣನೇ ಅಪ್ಪ ಆಗೋದ್ನಲ್ಲಾ!" ಎಂದಳು ಸಾಲಿನಲ್ಲಿ ನಿಂತಿದ್ದ ಚಿಕ್ಕಮಾದಮ್ಮ. ಅವಳ ಮೊಮ್ಮಗನೂ ಅದೇ ಶಾಲೆ.

"ಮೆತ್ತಗೆ ಮಾತಾಡು ತಾಯಿ, ನಮ್ಮನೆಯವ್ಳು ಕೇಳುಸ್ಕಂಡಾಳು," ಎಂದ ಗುರುಮಲ್ಲಪ್ಪ, ತಲೆಯೆತ್ತದೆ. ಮಂಗಳಗೌರಿಯ ಸರದಿ ಬಂದಾಗ ಕೇಳಿದ: "ನಿನ್ ಮಗ್ಳು ಎಂಗ್ ಓದ್ತಾಳವ್ವ?"

"ಸುಳ್ ಬರೀಬ್ಯಾಡ ಕಣಣ್ಣ. ನಾನೇ ಕೂತ್ಕಂಡು ಕೇಳ್ತೀನಿ. ಚೆಂದಾಗ್ ಓದ್ತದೆ ಕೂಸು, ತಡವರ್ಸಾಕಿಲ್ಲ."

"ಸರಿ ಬುಡು, ಅದ್ನೇ ಬರೀತೀನಿ."

'ರೀಡ್ಸ್ ವೆಲ್' ಎಂದು ಬರೆದು ಅವನೇ ಸಹಿ ಹಾಕಿದ. ಬೇರೆಯವರ ಡೈರಿಗೂ ಅದನ್ನೇ ಬರೆಯುತ್ತಿದ್ದ. ಆದರೆ ಕೇಳಿಸಿಕೊಂಡು ಬಂದು ಹೇಳುತ್ತಿದ್ದವಳು ಮಂಗಳಗೌರಿ ಒಬ್ಬಳೇ.

ಆಕೆ ನಿಯಮವನ್ನು ಪಾಲಿಸಿದ ರೀತಿಯಲ್ಲಿ ಯಾವ ಕಳ್ಳತನವೂ ಇರಲಿಲ್ಲ. ಸಂಜೆ ಹಾಲು ಹಾಕಿ ಬಂದ ಮೇಲೆ ಟಿವಿ ಆರಿಸುತ್ತಿದ್ದಳು. ಪಡಸಾಲೆಯಲ್ಲಿ ಸೊಪ್ಪು ಸೋಸುತ್ತ ಕೂರುತ್ತಿದ್ದಳು. ಮಗಳು ಎದುರು ಕೂತು ಓದುತ್ತಿದ್ದಳು. ಹದಿನೈದು ನಿಮಿಷಕ್ಕೆ ಪುಸ್ತಕ ಮುಚ್ಚಿದರೆ, "ಇನ್ನೈದು ನಿಮುಸ ಅದೆ, ಓದು," ಎನ್ನುತ್ತಿದ್ದಳು. ಮೊದಲ ವಾರ ಅರ್ಪಿತ ಪದಪದಕ್ಕೂ ನಿಲ್ಲುತ್ತಿದ್ದಳು. ಮಂಗಳಗೌರಿ ಗದರಿದಳು. ಎರಡನೇ ವಾರದಿಂದ ಓದು ಕಾಲುವೆ ನೀರಿನಂತೆ ಹರಿಯಿತು. ಅರ್ಥ ತಿಳಿಯದಿದ್ದರೂ ಆ ಸದ್ದು ಆಕೆಗೆ ಹಿತವಾಗಿತ್ತು. ಒಂದು ಸಂಜೆ ಮಾತ್ರ ಅನುಮಾನ ಬಂತು.

"ಇದ್ಯಾಕ್ ಕೂಸೇ, ದಿನಾ ಬೋಟು ಬೋಟು ಅಂತೀಯೆ?"

"ಅದು ದೊಡ್ ಪಾಠ ಕಣವ್ವ. ಇನ್ನೂ ಮುಗ್ದಿಲ್ಲ."

ದಸರಾ ರಜೆ ಮುಗಿದ ವಾರ ಶಾಲೆಯಿಂದ ಫೋನ್ ಬಂತು. ಬುಧವಾರ ಮೂರೂವರೆಗೆ ಮಂಗಳಗೌರಿ ಮಗಳ ಜೊತೆ ಅದೇ ಕೋಣೆಯಲ್ಲಿ ನಿಂತಿದ್ದಳು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅರ್ಪಿತಳಿಗೆ ಇಂಗ್ಲಿಷಿನಲ್ಲಿ ಎಂಬತ್ತಕ್ಕೆ ಹದಿಮೂರು ಬಂದಿತ್ತು. ಶೃತಿ ಮಿಸ್ ಡೈರಿಯ ಹಾಳೆಗಳನ್ನು ಒಂದೊಂದಾಗಿ ತಿರುವಿದರು.

"ಎಂಬತ್ತಕ್ಕೂ ಹೆಚ್ಚು ಸಲ 'ಚೆನ್ನಾಗಿ ಓದುತ್ತಾಳೆ' ಅಂತ ಬರೆದಿದೆ. ನನ್ನ ಕ್ಲಾಸಲ್ಲಿ ಐವತ್ತೆರಡು ಮಕ್ಕಳಿದ್ದಾರೆ ಅಮ್ಮಾ. ಒಬ್ಬೊಬ್ಬರ ಓದು ಕೇಳೋಕೆ ನನಗೆ ಆಗಲ್ಲ. ಅದಕ್ಕೇ ಆ ಕೆಲಸ ಮನೆಗೆ ಕೊಟ್ಟಿದ್ದು. ಚೆನ್ನಾಗಿ ಓದುತ್ತೆ ಅಂತ ಬಂದ ಮಗುವನ್ನ ನಾನು ಮತ್ತೆ ಓದಿಸಿ ನೋಡೋದಿಲ್ಲ."

"ದಿನಾ ಓದ್ತಾಳೆ ಮಿಸ್. ಬೇಕಾದ್ರೆ ಈಗ್ಲೇ ಓದ್ಸಿ ನೋಡಿ," ಎಂದಳು ಮಂಗಳಗೌರಿ. ದನಿಯಲ್ಲಿ ಅಳುಕಿರಲಿಲ್ಲ.

ಮಿಸ್ ಪುಸ್ತಕದ ನಡುವಿನ ಒಂದು ಪುಟ ತೆರೆದು ಕೊಟ್ಟರು. ಅರ್ಪಿತ ಅವ್ವನ ಕಡೆ ಒಮ್ಮೆ ನೋಡಿ ಶುರು ಮಾಡಿದಳು. ತಡವರಿಕೆಯಿಲ್ಲ, ನಿಲುಗಡೆಯಿಲ್ಲ. ಪಡಸಾಲೆಯಲ್ಲಿ ದಿನಾ ಕೇಳಿದ ಅದೇ ಸದ್ದು. ನಡುವೆ ಬೋಟೂ ಬಂತು. ಮಂಗಳಗೌರಿಗೆ ಎದೆ ತುಂಬಿತು. ಮಿಸ್ ಕಡೆ ನೋಡಿದಳು. ಮಿಸ್ ಹುಡುಗಿಯ ಮುಖ ನೋಡುತ್ತಿರಲಿಲ್ಲ, ಪುಟ ನೋಡುತ್ತಿದ್ದರು.

"ಸಾಕು," ಎಂದರು. "ಈ ಪುಟದಲ್ಲಿ ಬೋಟ್ ಇಲ್ಲ ಅಮ್ಮಾ. ಇದು ಜೇನುಹುಳದ ಪಾಠ. ಅವಳು ಹೇಳ್ತಿರೋದು ಮೊದಲನೇ ಪಾಠದ ಮೊದಲನೇ ಪುಟ. ಜೂನಲ್ಲಿ ಇಡೀ ಕ್ಲಾಸಿಗೆ ಬಾಯಿಪಾಠ ಮಾಡಿಸಿದ್ದು."

ಹುಲ್ಲಹಳ್ಳಿಯ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತ್ತು.

"ಯಾಕ್ ಕೂಸೇ ಇಂಗ್ ಮಾಡ್ದೆ?"

ಅರ್ಪಿತ ಕಿಟಕಿಯ ಆಚೆ ನೋಡುತ್ತ ಹೇಳಿದಳು: "ಗೊತ್ತಿಲ್ದೇ ಇರೋದ್ನ ಓದ್ದಾಗ ನೀನು ಬಯ್ತಿದ್ದೆ. ಬಾಯಿಪಾಠ ಏಳ್ದಾಗ ಸುಮ್ಕೆ ಇರ್ತಿದ್ದೆ."

ಮಗಳು ಹೇಳಿದ್ದು ನಿಜವಾಗಿತ್ತು.

ಶಾಲೆ ಫೆಬ್ರುವರಿವರೆಗೆ ಸಮಯ ಕೊಟ್ಟಿತು. ಪೋಷಕರೇ ಓದಿಸಿ, ತಪ್ಪಿದ ಪದಗಳನ್ನು ಡೈರಿಯಲ್ಲಿ ಗುರುತಿಸಿ ಕಳಿಸಬೇಕು ಎಂದಿತು. ಡೈರಿಗಳಲ್ಲಿ ಒಂದೇ ಕೈಬರಹ ಇರುವುದೂ ಅಷ್ಟರಲ್ಲಿ ಬಯಲಾಗಿತ್ತು. ಮಾರನೆಯ ಬೆಳಿಗ್ಗೆ ಗುರುಮಲ್ಲಪ್ಪ ಮೇಜಿನ ಮೇಲಿದ್ದ ಡೈರಿಗಳನ್ನೆಲ್ಲ ವಾಪಸು ಕೊಟ್ಟ.

"ನಿನ್ ಮಾತ್ ನಂಬ್ಕಂಡು ಬರ್ದೆ ಕಣವ್ವ," ಎಂದ. ಬೈಗುಳದ ದನಿಯಲ್ಲಿ ಅಲ್ಲ. "ಶಾಲೆಯೋರು ನಂಗೂ ಫೋನ್ ಮಾಡುದ್ರು. ಇನ್ಮ್ಯಾಕೆ ಯಾರ್ದೂ ಬ್ಯಾಡ."

ಉಳಿದ ಹದಿಮೂರು ಮನೆಯವರೂ ಖಾಲಿ ಡೈರಿ ಹಿಡಿದು ಹಿಂದಿರುಗಿದರು. ಚಿಕ್ಕಮಾದಮ್ಮ ಆಕೆಯ ಮುಖಕ್ಕೇ ಹೇಳಿದಳು: "ನೀನು ಅಲ್ಲೋಗಿ ಓದ್ಸಿ ಅಂತ ಅನ್ನಬೇಕಿತ್ತಾ? ಸುಮ್ಕೆ ಬಯ್ಸ್ಕಂಡು ಬಂದಿದ್ರೆ ಆಯ್ತಿರ್ನಿಲ್ವಾ?" ಆಮೇಲೆ ಸಾಲಿನಲ್ಲಿ ಪಕ್ಕಕ್ಕೆ ನಿಂತರೂ ಮಾತಿಲ್ಲ.

ಉಳಿದ ದಾರಿ ತವರಿನದು. ತಮ್ಮ ಮದನ್ ತಿ. ನರಸೀಪುರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ನಾಲ್ಕು ಭಾನುವಾರ ಮಂಗಳಗೌರಿ ಎರಡು ಹಸುವಿನ ಹಾಲು ಕರೆದಿಟ್ಟು, ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದಳು. ಮೊದಲ ದಿನ ಮದನ್ ಹುಮ್ಮಸ್ಸಿನಿಂದ ಕೂತ. ಎರಡನೇ ಭಾನುವಾರ ಪಾಠವನ್ನು ಮೊಬೈಲಿನಿಂದಲೇ ಓದಿಸಿ, ಅಕ್ಕನ ಮಗಳಿಗೆ ಅದರ ಹಿಂದೆಯೇ ಹೇಳು ಎಂದ. ನಾಲ್ಕನೆಯ ಭಾನುವಾರ ಅರ್ಪಿತ ಆ ಪಾಠವನ್ನು ಪುಸ್ತಕ ಮುಚ್ಚಿಟ್ಟು ಒಪ್ಪಿಸಿದಳು. ಪುಸ್ತಕ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟರೆ ಸುಮ್ಮನಾದಳು.

"ನಂಗೂ ಇಂಗ್ಲಿಷಲ್ಲಿ ಮೂವತ್ತೈದೇ ಕಣಕ್ಕ ಬಂದಿದ್ದು," ಎಂದ ಮದನ್. "ಇದ್ನ ಕೆಳುಗ್ಲಿಂದ, ಅಕ್ಷರ ಕೂಡ್ಸೋದ್ರಿಂದ ಕಲಿಸ್ಬೇಕು. ಅದು ನನ್ ಕೈಲಾಗಲ್ಲ."

ಕೆಳಗಿನಿಂದ ಕಲಿಸುವವರನ್ನು ಆಕೆ ಹುಡುಕದೆ ಇರಲಿಲ್ಲ. ಹುಲ್ಲಹಳ್ಳಿಯ ಟ್ಯೂಷನ್‌ನಲ್ಲಿ ಮೂವತ್ತು ಮಕ್ಕಳು, ಪ್ರಶ್ನೋತ್ತರ ಬರೆಸುತ್ತಿದ್ದರು, ಓದಿಸುತ್ತಿರಲಿಲ್ಲ. ಸಂಜೆ ಮನೆಯಲ್ಲಿ ಓದು ಮುಂದುವರಿಯಿತು. ಮಂಗಳಗೌರಿ ಪಕ್ಕಕ್ಕೇ ಕೂತು ಬೆರಳು ಹಿಡಿದು ಅಕ್ಷರ ಹೇಳಿಸುತ್ತಿದ್ದಳು. ಅಕ್ಷರಗಳು ಸೇರಿ ಏನಾಗುತ್ತದೆ ಎಂಬಲ್ಲಿಗೆ ಇಬ್ಬರೂ ನಿಲ್ಲುತ್ತಿದ್ದರು. ಡೈರಿಯಲ್ಲಿ ಗುರುತಿಸಲು ಆಕೆಗೆ ಒಂದು ತಪ್ಪೂ ಸಿಗಲಿಲ್ಲ. ಏಕೆಂದರೆ ಯಾವುದು ಸರಿ ಎಂಬುದೇ ಗೊತ್ತಿರಲಿಲ್ಲ.

ಓದು ಬರದೆಯೇ ಫೆಬ್ರುವರಿ ಕಳೆಯಿತು. ಮಾರ್ಚ್ ಕೊನೆಗೆ ಶಾಲೆ ಕರೆಸಿ, ಟಿಸಿಯನ್ನು ನೀವಾಗಿಯೇ ಕೇಳಿದಂತೆ ಅರ್ಜಿ ಕೊಡಿ ಎಂದಿತು. ಶೃತಿ ಮಿಸ್ ಆಫೀಸಿನ ಬಾಗಿಲವರೆಗೆ ಬಂದು, "ನೀವು ದಿನಾ ಕೂತಿದ್ದು ನನಗೆ ಗೊತ್ತು ಅಮ್ಮಾ," ಎಂದಷ್ಟೇ ಹೇಳಿ ತರಗತಿಗೆ ಹೋದರು. ಮಂಗಳಗೌರಿ ಅಲ್ಲೇ ಕೂತು ಕನ್ನಡದಲ್ಲಿ ಅರ್ಜಿ ಬರೆದಳು. ಗುಮಾಸ್ತ ಅದನ್ನು ನೋಡಿ, ಅಕ್ಷರ ಚೆನ್ನಾಗಿದೆ ಎಂದ.

"ಕನ್ನಡ ಮೀಡಿಯಮ್ಮಾದ್ರೆ ನೀನೇ ಏಳ್ಕೊಡಬೋದಲ್ಲ, ಅದ್ಕ್ಯಾಕ್ ಅಳ್ತೀಯೆ?" ಎಂದ ಬಸವಣ್ಣ, ಪಾಳಿಗೆ ಹೊರಡುತ್ತ. ಆ ಮಾತನ್ನು ಹಿಡಿದುಕೊಂಡೇ ಆಕೆ ಮಗಳನ್ನು ಹುಲ್ಲಹಳ್ಳಿಯ ಸರ್ಕಾರಿ ಪ್ರೌಢಶಾಲೆಯ ಎಂಟನೇ ತರಗತಿಗೆ ಸೇರಿಸಿದಳು.

ಪುಸ್ತಕ ಸಿಕ್ಕ ದಿನ ಸಂಜೆ ವಿಜ್ಞಾನದ ಮೊದಲ ಪಾಠ ತೆಗೆಸಿದಳು. ಹಿಂದಿನ ಶಾಲೆಯಲ್ಲಿ ಕನ್ನಡವೂ ಒಂದು ವಿಷಯವಾಗಿತ್ತು. ನೋಟ್ಸ್ ಬಾಯಿಪಾಠ ಮಾಡಿದರೆ ಪಾಸಾಗುತ್ತಿತ್ತು. ಅರ್ಪಿತ ಮೊದಲ ಸಾಲು ಓದಲು ಹೊರಟು ಒತ್ತಕ್ಷರದ ಬಳಿ ನಿಂತಳು. ಊಹೆಯಲ್ಲಿ ಒಂದು ಪದ ಹೇಳಿದಳು. ಅದು ಪುಟದಲ್ಲಿರಲಿಲ್ಲ. ಮುಂದಿನದನ್ನು ಅರ್ಧ ನುಂಗಿದಳು. ಎರಡನೇ ಸಾಲಿನಲ್ಲಿ ಸರಿಯಾಗಿದ್ದುದು ನಾಲ್ಕು ಪದ. ಮಂಗಳಗೌರಿಗೆ ಈಗ ಪ್ರತಿ ತಪ್ಪೂ ಕೇಳಿಸುತ್ತಿತ್ತು. ಯಾವ ದೀರ್ಘ ಬಿಟ್ಟಳು, ಎಲ್ಲಿ ಸಾಲು ಹಾರಿಸಿದಳು, ಎಲ್ಲವೂ. ಬಸ್ಸಿನಲ್ಲಿ ಮಗಳು ಹೇಳಿದ್ದು ನೆನಪಿತ್ತು, ಗದರಲಿಲ್ಲ. ಕಲಿಸಲು ಏಳು ವರ್ಷ ಹಿಂದಕ್ಕೆ, ಒಂದನೇ ತರಗತಿಗೆ ಹೋಗಬೇಕಿತ್ತು. ಹತ್ತನೇ ತರಗತಿ ಮುಗಿಯಲು ಉಳಿದಿದ್ದುದು ಮೂರೇ ವರ್ಷ.

ಪ್ಯಾರಾ ಮುಗಿಸಿ ಅರ್ಪಿತ ತಲೆಯೆತ್ತಿದಳು.

"ಸರಿಯಾಗ್ ಓದುದ್ನಾ ಅವ್ವ?"

"ಊಂ," ಎಂದಳು ಮಂಗಳಗೌರಿ. "ಮುಂದಕ್ಕೆ ಓದು."